ಮ್ಯಾಕ್‌ನಲ್ಲಿ ತುಂಬಿದ ಐಪಾಡ್, ವಿಂಡೋಸ್ ಮನೆ, ಅಪ್ಪಾಜಿಯ ಪಾರಿಜಾತ

ಪ್ರಶ್ನೆ: ನಾನು ಜಮಖಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಶಾಲಾ ಶಿಕ್ಷಕಿ. ಪುಣೆಯಲ್ಲಿರುವ ನಮ್ಮಣ್ಣ ತನ್ನ ಹಳೆಯ ಐಪಾಡ್ ಕ್ಲಾಸಿಕ್ ನನಗೆ ಕೊಟ್ಟಿದ್ದಾನೆ. ಅವನು ಹಾಡು ತುಂಬಿದ್ದು ಮ್ಯಾಕ್‌ನಲ್ಲಿ. ನಮ್ಮ ಮನೆಯ ವಿಂಡೋಸ್ ಲ್ಯಾಪ್‌ಟಾಪ್‌ಗೆ ಹಚ್ಚಿದರೆ ‘ಫಾರ್ಮ್ಯಾಟ್ ಮಾಡಬೇಕು’ ಅನ್ನುತ್ತದೆ. ಮಗ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ, ಅವನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಇದೆ. ಅದರಲ್ಲಿ ಐಪಾಡ್ ತೆರೆಯುತ್ತದೆ, ಆದರೆ ಹೊಸ ಹಾಡು ಹಾಕಲು ಬಿಡುವುದಿಲ್ಲ. ಇದರ ಜೊತೆ ಅಪ್ಪಾಜಿಗೆ ಅಂತ ಬಜಾರಿನಿಂದ ಒಂದು ಸಣ್ಣ ಎಂಪಿ3 ಪ್ಲೇಯರ್ ತಂದೆವು. ಹಳೆಯ ಕ್ಯಾಸೆಟ್‌ಗಳಿಂದ ಇಳಿಸಿದ ಕೃಷ್ಣ ಪಾರಿಜಾತ ಬಯಲಾಟವನ್ನು ಮಗ ಅದಕ್ಕೆ ಹಾಕಿಕೊಟ್ಟ. ಕೊರವಂಜಿ ಬಂದು ಹೋದ ಮೇಲೆ ಗಣಪತಿ ಸ್ತುತಿ ಬರುತ್ತದೆ! ಹೆಸರು ಬರಬೇಕಾದ ಕಡೆ ಬರೀ ಡಬ್ಬಿ ಡಬ್ಬಿ. ಇವನ್ನು ಸರಿ ಮಾಡಬಹುದೇ? ಇಲ್ಲವಾದರೆ ಎಲ್ಲ ಕಂಪ್ಯೂಟರ್‌ಗೂ ಹೊಂದುವ ಪ್ಲೇಯರ್ ಯಾವುದು?

ಉತ್ತರ: ಮೇಡಂ, ಮೊದಲು ಒಂದು ಮಾತು. ಆ ‘ಫಾರ್ಮ್ಯಾಟ್’ ಬಟನ್ ಒತ್ತಬೇಡಿ. ಒತ್ತಿದರೆ ಅಣ್ಣನ ಹಾಡುಗಳೆಲ್ಲ ಹೋದವು ಅಂತಲೇ ಲೆಕ್ಕ. ಐಪಾಡ್ ಕೆಟ್ಟಿಲ್ಲ, ನಿಮ್ಮ ಲ್ಯಾಪ್‌ಟಾಪೂ ಕೆಟ್ಟಿಲ್ಲ. ಒಂದರ ಬರಹ ಇನ್ನೊಂದಕ್ಕೆ ಓದಲು ಬರುತ್ತಿಲ್ಲ, ಅಷ್ಟೇ.

ನಾನು ಬೆಳಗಾವಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುವವನು. ಇಂಥ ಐಪಾಡ್‌ಗಳು ಈಗಲೂ ಆಗಾಗ ನನ್ನ ಟೇಬಲ್ಲಿಗೆ ಬರುತ್ತವೆ. ಹೆಚ್ಚಿನವು ಪುಣೆ, ಬೆಂಗಳೂರು, ಇಲ್ಲವೇ ಹೊರದೇಶದಲ್ಲಿರುವ ಅಣ್ಣನೋ ಅಳಿಯನೋ ಕೊಟ್ಟದ್ದು. ಕೊಟ್ಟವರು ಪ್ರೀತಿಯಿಂದ ಕೊಟ್ಟಿರುತ್ತಾರೆ. ತಗೊಂಡವರು ಒಮ್ಮೆ ಹಚ್ಚಿ ನೋಡಿ, ಹೆದರಿ, ಕಪಾಟಿನಲ್ಲಿ ಇಟ್ಟುಬಿಟ್ಟಿರುತ್ತಾರೆ.

ನೀವು ಶಿಕ್ಷಕಿ, ಹಾಗಾಗಿ ಮಕ್ಕಳ ಕಾಪಿ ಪುಸ್ತಕವನ್ನೇ ತಗೊಳ್ಳೋಣ. ಎರಡು ಗೆರೆಯದು ಬೇರೆ, ನಾಲ್ಕು ಗೆರೆಯದು ಬೇರೆ, ಲೆಕ್ಕದ ಚೌಕದ ಪುಸ್ತಕ ಬೇರೆ. ಡಿಸ್ಕ್‌ನಲ್ಲೂ ಬರೆಯುವ ಮೊದಲು ಗೆರೆ ಹಾಕಬೇಕು. ಅದನ್ನೇ ಫಾರ್ಮ್ಯಾಟ್ ಅನ್ನುವುದು. ಐಪಾಡ್ ಅನ್ನು ಮ್ಯಾಕ್‌ನಲ್ಲಿ ಶುರು ಮಾಡಿದರೆ ಅದು ಹಾಕುವ ಗೆರೆಯ ಹೆಸರು ಎಚ್‌ಎಫ್‌ಎಸ್ ಪ್ಲಸ್. ವಿಂಡೋಸ್‌ಗೆ ಆ ಗೆರೆ ಗೊತ್ತೇ ಇಲ್ಲ. ಅದರ ಕಣ್ಣಿಗೆ ಇಡೀ ಡಿಸ್ಕ್ ಖಾಲಿ ಹಾಳೆ. ಖಾಲಿ ಹಾಳೆ ಕಂಡರೆ ‘ಗೆರೆ ಹಾಕಲಾ?’ ಅಂತ ಕೇಳುವುದು ಅದರ ಅಭ್ಯಾಸ.

ಉಬುಂಟು ಅಂದರೆ ವಿಂಡೋಸ್ ಬದಲು ಬಳಸುವ ಲಿನಕ್ಸ್‌ನ ಒಂದು ಬಗೆ. ಅದು ಸ್ವಲ್ಪ ಜಾಣ. ಅದಕ್ಕೆ ಎಚ್‌ಎಫ್‌ಎಸ್ ಪ್ಲಸ್ ಓದಲು ಬರುತ್ತದೆ. ಆದರೆ ಮ್ಯಾಕ್ ತನ್ನ ಡಿಸ್ಕ್‌ನಲ್ಲಿ ಜರ್ನಲಿಂಗ್ ಅಂತ ಒಂದು ದಿನಚರಿ ಇಟ್ಟುಕೊಳ್ಳುತ್ತದೆ. ಏನು ಬರೆದೆ, ಏನು ಅಳಿಸಿದೆ ಅನ್ನುವ ಲೆಕ್ಕ ಅದು. ಆ ದಿನಚರಿ ಇರುವ ಡಿಸ್ಕ್ ಸಿಕ್ಕರೆ ಲಿನಕ್ಸ್ ಓದಲು ಮಾತ್ರ ತೆರೆಯುತ್ತದೆ, ಬರೆಯಲು ಕೈ ಹಾಕುವುದಿಲ್ಲ. ಮಗನಿಗೆ ಆಗುತ್ತಿರುವುದು ಇದೇ. ಅವನದೇನೂ ತಪ್ಪಿಲ್ಲ, ಬೈಯಬೇಡಿ.

ನಿಮಗೆ ಇದು ಒಂದು ರೀತಿ ಅದೃಷ್ಟವೇ. ಓದಲು ಬರುತ್ತದೆ ಅಂದಮೇಲೆ ಹಾಡುಗಳನ್ನು ಹೊರಗೆ ತೆಗೆಯಬಹುದು. ಮಗ ಊರಿಗೆ ಬಂದಾಗ ಐಪಾಡ್ ಅವನ ಲ್ಯಾಪ್‌ಟಾಪ್‌ಗೆ ಹಚ್ಚಲಿ. ಒಳಗೆ ‘ಐಪಾಡ್ ಕಂಟ್ರೋಲ್’ ಅನ್ನುವ ಫೋಲ್ಡರ್ ಇರುತ್ತದೆ. ಅದರೊಳಗೆ ‘ಮ್ಯೂಸಿಕ್’. ಅದರೊಳಗೆ ಎಫ್00, ಎಫ್01, ಎಫ್02 ಹೀಗೆ ಸಾಲು ಸಾಲು ಫೋಲ್ಡರ್. ತೆರೆದರೆ ಗಾಬರಿ ಆಗಬೇಡಿ. ಹಾಡಿನ ಹೆಸರು ಒಂದೂ ಇರುವುದಿಲ್ಲ. ನಾಲ್ಕು ಅಕ್ಷರದ ಅರ್ಥವಿಲ್ಲದ ಹೆಸರುಗಳು ಇರುತ್ತವೆ, ಆಟೋರಿಕ್ಷಾದ ನಂಬರ್ ಪ್ಲೇಟಿನ ಹಾಗೆ. ಐಪಾಡ್ ತನ್ನೊಳಗೆ ಹಾಡುಗಳನ್ನು ಇಡುವುದೇ ಹೀಗೆ. ನಿಜವಾದ ಹೆಸರು ಫೈಲ್‌ನ ಹೊಟ್ಟೆಯೊಳಗೆ, ಟ್ಯಾಗ್ ಅನ್ನುವ ಚೀಟಿಯಲ್ಲಿ ಇರುತ್ತದೆ. ‘ಮ್ಯೂಸಿಕ್’ ಫೋಲ್ಡರ್ ಅನ್ನು ಹಾಗೇ ಎತ್ತಿ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿಕೊಳ್ಳಿ. ಆಮೇಲೆ ಕಿಡ್3 ಅನ್ನುವ ಉಚಿತ ಸಾಫ್ಟ್‌ವೇರ್‌ನಿಂದ ಆ ಚೀಟಿ ಓದಿಸಿ, ಫೈಲ್‌ಗಳಿಗೆ ಅದೇ ಹೆಸರು ಇಡಿಸಬಹುದು. ಕಿಡ್3 ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಸಾವಿರಾರು ಹಾಡಿದ್ದರೂ ಒಂದೇ ಏಟಿಗೆ ಕೆಲಸ ಮುಗಿಯುತ್ತದೆ.

ಕಾಪಿ ಆಗುವಾಗ ಅವಸರ ಬೇಡ. ಐಪಾಡ್ ಕ್ಲಾಸಿಕ್‌ನೊಳಗೆ ಇರುವುದು ಚಿಪ್ ಅಲ್ಲ, ಗಿರಗಿರ ತಿರುಗುವ ಸಣ್ಣ ಹಾರ್ಡ್‌ಡಿಸ್ಕ್. 2007ರ ನಂತರ ಬಂದ ಮಾದರಿಗಳಲ್ಲಿ 80, 120, 160 ಜಿಬಿ ಜಾಗ ಇತ್ತು. ತುಂಬಿದ್ದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಮಗನ ಲ್ಯಾಪ್‌ಟಾಪ್‌ನಲ್ಲಿ ಅಷ್ಟು ಜಾಗ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ನಡುವೆ ಒಳಗಿನಿಂದ ಟಕ್ ಟಕ್ ಸದ್ದು ಒಂದೇ ಸಮ ಬಂದರೆ ಡಿಸ್ಕ್ ಕೊನೆಯ ದಿನ ಎಣಿಸುತ್ತಿದೆ ಅಂತ ಅರ್ಥ. ಆಗ ಮುಖ್ಯವಾದದ್ದನ್ನು ಮಾತ್ರ ಮೊದಲು ಎತ್ತಿಕೊಳ್ಳಿ.

ಒಂದು ಸಣ್ಣ ಅಡ್ಡಿ ಬರಬಹುದು. ಕೆಲವು ಹಾಡು ಕಾಪಿ ಆದರೂ ಎಲ್ಲೂ ಹಾಡದೆ ಇರಬಹುದು. ಆಪಲ್ 2003ರಲ್ಲಿ ತೆರೆದ ಹಾಡಿನ ಅಂಗಡಿಯಲ್ಲಿ ಮೊದಮೊದಲು ಮಾರಿದ ಹಾಡುಗಳಿಗೆ ಬೀಗ ಇರುತ್ತಿತ್ತು. 2009ರಲ್ಲಿ ಆ ಬೀಗ ತೆಗೆದರು. ಅದಕ್ಕೂ ಮುಂಚೆ ನಿಮ್ಮಣ್ಣ ಹೊರದೇಶದಲ್ಲಿದ್ದು ಕೊಂಡ ಹಾಡು ಇದ್ದರೆ ಮಾತ್ರ ಈ ತೊಂದರೆ. ನಮ್ಮ ದೇಶಕ್ಕೆ ಆ ಅಂಗಡಿ ಬಂದದ್ದೇ 2012ರ ಡಿಸೆಂಬರ್‌ನಲ್ಲಿ, ಅಷ್ಟರಲ್ಲಿ ಬೀಗ ಇರಲಿಲ್ಲ. ಸಿಡಿಯಿಂದ ಇಳಿಸಿದ ಹಾಡಿಗಂತೂ ಯಾವ ಬೀಗವೂ ಇಲ್ಲ.

ಹಾಡೆಲ್ಲ ಹೊರಗೆ ಬಂತು, ನಾಲ್ಕು ಹಾಡು ಹಚ್ಚಿ ನೋಡಿದಿರಿ, ಸರಿಯಾಗಿವೆ. ಈಗ ಧೈರ್ಯವಾಗಿ ಐಪಾಡ್ ಖಾಲಿ ಮಾಡಬಹುದು. ಆದರೆ ಆಗಲೂ ವಿಂಡೋಸ್ ಕೇಳುವ ಆ ‘ಫಾರ್ಮ್ಯಾಟ್’ ಬಟನ್ ಬೇಡ. ವಿಂಡೋಸ್ ಲ್ಯಾಪ್‌ಟಾಪ್‌ಗೆ ಐಟ್ಯೂನ್ಸ್ ಅನ್ನುವ ಆಪಲ್‌ನ ಸಾಫ್ಟ್‌ವೇರ್ ಹಾಕಿ, ಅದರಲ್ಲಿ ‘ರಿಸ್ಟೋರ್’ ಕೊಡಿ. ಆಗ ಐಪಾಡ್‌ಗೆ ಫ್ಯಾಟ್32 ಅನ್ನುವ ಗೆರೆ ಬೀಳುತ್ತದೆ. ಇದು ಹಳೇ ಕಾಲದ ಗೆರೆ, ಆದರೆ ಎಲ್ಲರಿಗೂ ಗೊತ್ತಿರುವ ಗೆರೆ. ವಿಂಡೋಸ್, ಮ್ಯಾಕ್, ಉಬುಂಟು ಮೂರೂ ಇದನ್ನು ಓದುತ್ತವೆ, ಮೂರೂ ಬರೆಯುತ್ತವೆ. ವಿಂಡೋಸ್‌ನಲ್ಲಿ ಶುರು ಮಾಡಿದ ಐಪಾಡ್ ಮ್ಯಾಕ್‌ನಲ್ಲಿ ನಡೆಯುತ್ತದೆ, ಮ್ಯಾಕ್‌ನಲ್ಲಿ ಶುರು ಮಾಡಿದ್ದು ವಿಂಡೋಸ್‌ನಲ್ಲಿ ನಡೆಯುವುದಿಲ್ಲ. ಇದೊಂದು ಗೊತ್ತಿದ್ದರೆ ನಿಮ್ಮಣ್ಣ ಕೊಡುವಾಗಲೇ ಸರಿಮಾಡಿ ಕೊಡಬಹುದಿತ್ತು.

ಇಲ್ಲಿಗೆ ಮುಗಿಯಿತು ಅಂದುಕೊಂಡು ಹಲವರು ಎಡವುತ್ತಾರೆ. ಫ್ಯಾಟ್32 ಆಯಿತು, ಪೆನ್‌ಡ್ರೈವ್ ತರ ಕಾಣುತ್ತಿದೆ, ಹಾಡು ಎಳೆದು ಹಾಕಿದರೆ ಆಯಿತಲ್ಲ ಅಂತ. ಹಾಕಿದರೆ ಫೈಲ್ ಒಳಗೆ ಹೋಗುತ್ತದೆ, ಜಾಗ ತಿನ್ನುತ್ತದೆ, ಆದರೆ ಐಪಾಡ್‌ನ ಪಟ್ಟಿಯಲ್ಲಿ ಬರುವುದೇ ಇಲ್ಲ. ಯಾಕೆಂದರೆ ಐಪಾಡ್ ಡಿಸ್ಕ್ ಹುಡುಕಿ ಹಾಡುವುದಿಲ್ಲ. ಐಟ್ಯೂನ್ಸ್‌ಡಿಬಿ ಅಂತ ಒಂದು ಹಾಜರಿ ಪುಸ್ತಕ ಇದೆ, ಅದನ್ನು ನೋಡಿ ಹಾಡುತ್ತದೆ. ಹುಡುಗ ಕ್ಲಾಸಿನಲ್ಲಿ ಕೂತಿದ್ದಾನೆ, ಹಾಜರಿಯಲ್ಲಿ ಹೆಸರಿಲ್ಲ. ನೀವು ಕೂಗುತ್ತೀರಾ? ಇಲ್ಲ ಅಲ್ವಾ. ಹಾಗೇ ಇದು. ಹಾಜರಿ ಬರೆಯುವ ಕೆಲಸ ವಿಂಡೋಸ್‌ನಲ್ಲಿ ಐಟ್ಯೂನ್ಸ್‌ನದು. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾ ಆವೃತ್ತಿಯಿಂದ ಐಟ್ಯೂನ್ಸ್ ಇಲ್ಲ, ಆ ಕೆಲಸ ಫೈಲ್‌ಗಳನ್ನು ತೋರಿಸುವ ಫೈಂಡರ್‌ಗೆ ಹೋಗಿದೆ. ಉಬುಂಟುನಲ್ಲಿ ರಿದಮ್‌ಬಾಕ್ಸ್ ಅನ್ನುವ ಹಾಡಿನ ಸಾಫ್ಟ್‌ವೇರ್ ಆ ಹಾಜರಿ ಬರೆಯಬಲ್ಲದು. ಐಪಾಡ್ ಪ್ಲಗಿನ್ ಆನ್ ಮಾಡಿಕೊಂಡರೆ ಸಾಕು.

ನನ್ನ ಸಲಹೆ ಕೇಳಿದರೆ, ಹಾಜರಿ ಪುಸ್ತಕ ಒಬ್ಬರ ಕೈಯಲ್ಲೇ ಇರಲಿ. ಇವತ್ತು ಐಟ್ಯೂನ್ಸ್, ನಾಳೆ ರಿದಮ್‌ಬಾಕ್ಸ್ ಅಂತ ಮಾಡಬೇಡಿ. ಆಗುವುದಿಲ್ಲ ಅಂತಲ್ಲ, ಒಂದು ದಿನ ಕೆಡುತ್ತದೆ. ಐಪಾಡ್ ನಿಮ್ಮ ಹತ್ತಿರವೇ ಇರುವುದರಿಂದ ನಿಮ್ಮ ವಿಂಡೋಸ್ ಲ್ಯಾಪ್‌ಟಾಪ್ ಅದರ ಮನೆಯಾಗಲಿ. ಐಟ್ಯೂನ್ಸ್‌ನಲ್ಲಿ ‘ಮ್ಯಾನ್ಯುಯಲಿ ಮ್ಯಾನೇಜ್’ ಅನ್ನುವ ಚೌಕಕ್ಕೆ ಟಿಕ್ ಹಾಕಿ. ಆಗ ನೀವು ಹಾಕಿದ್ದು ಮಾತ್ರ ಹೋಗುತ್ತದೆ, ನೀವು ತೆಗೆದದ್ದು ಮಾತ್ರ ಅಳಿಯುತ್ತದೆ.

ಈ ಟಿಕ್ ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ನಮ್ಮ ಭಾವನ ಐಪಾಡ್ ಅನ್ನು ಚಾರ್ಜ್ ಮಾಡಲು ಅಂತ ನನ್ನ ಕಂಪ್ಯೂಟರ್‌ಗೆ ಹಚ್ಚಿದೆ. ‘ಇದು ಬೇರೆ ಲೈಬ್ರರಿಯ ಜೊತೆ ಜೋಡಿಯಾಗಿದೆ, ಅಳಿಸಿ ಸಿಂಕ್ ಮಾಡಲಾ?’ ಅಂತ ಕೇಳಿತು. ಇಂಗ್ಲಿಷ್‌ನಲ್ಲಿ ಉದ್ದಕ್ಕೆ ಏನೋ ಕೇಳಿದರೆ ಓದದೆ ಓಕೆ ಒತ್ತುವುದು ನಮ್ಮೆಲ್ಲರ ಚಟ. ಒತ್ತಿದೆ. ಅವರ ಆರು ವರ್ಷದ ಹಾಡುಗಳು ಹೋಗಿ ನನ್ನ ಹನ್ನೊಂದು ಹಾಡು ಬಂದು ಕೂತವು. ರಿಪೇರಿ ಅಂಗಡಿಯವನ ಕೈಯಲ್ಲೇ ಹೀಗಾಯಿತಲ್ಲ ಅಂತ ಭಾವ ಇವತ್ತಿಗೂ ಮದುವೆ ಮುಂಜಿಯಲ್ಲಿ ಸಿಕ್ಕಾಗ ನೆನಪಿಸುತ್ತಾರೆ.

ಇಷ್ಟೊಂದು ಗೋಜಲು ಯಾಕೆ ಅಂತ ನಿಮಗೆ ಅನಿಸಬಹುದು. ನನ್ನ ಪ್ರಕಾರ ಇದರಲ್ಲಿ ತಂತ್ರಜ್ಞಾನ ಕಡಿಮೆ, ವ್ಯಾಪಾರ ಜಾಸ್ತಿ. 2001ರ ಅಕ್ಟೋಬರ್‌ನಲ್ಲಿ ಮೊದಲ ಐಪಾಡ್ ಬಂದಾಗ ಅದು ಮ್ಯಾಕ್‌ಗೆ ಮಾತ್ರ. 5 ಜಿಬಿ ಡಿಸ್ಕ್, ಫೈರ್‌ವೈರ್ ಕೇಬಲ್. ಐಪಾಡ್ ಬೇಕೆಂದರೆ ಮ್ಯಾಕ್ ಕೊಳ್ಳಿ ಅನ್ನುವ ಲೆಕ್ಕ. 2002ರಲ್ಲಿ ವಿಂಡೋಸ್‌ಗೆ ಬೇರೆ ಐಪಾಡ್ ಬಂತು. 2003ರ ಕೊನೆಗೆ ವಿಂಡೋಸ್‌ಗೂ ಐಟ್ಯೂನ್ಸ್ ಬಂತು. ಆಮೇಲೆಯೇ ಅದು ಊರೂರಿಗೆ ಹೋಗಿದ್ದು. ಸೋನಿಯವರು ಬಹಳ ಕಾಲ ತಮ್ಮದೇ ಅಟ್ರಾಕ್ ಅನ್ನುವ ಫೈಲ್ ಮಾದರಿ ಹಿಡಿದುಕೊಂಡು ಕೂತಿದ್ದರು. ಮೈಕ್ರೋಸಾಫ್ಟ್ ಕಥೆ ಇನ್ನೂ ಮಜಾ. ‘ಪ್ಲೇಸ್ ಫಾರ್ ಶ್ಯೂರ್’, ಅಂದರೆ ‘ಹಾಡೇ ಹಾಡುತ್ತದೆ’ ಅಂತ 2004ರಲ್ಲಿ ಒಂದು ಮುದ್ರೆ ತಂದರು. ಆ ಮುದ್ರೆಯ ಬೀಗದ ಹಾಡುಗಳು 2006ರಲ್ಲಿ ಅವರೇ ತಂದ ಜ್ಯೂನ್ ಪ್ಲೇಯರ್‌ನಲ್ಲಿ ಹಾಡಲಿಲ್ಲ! ಜ್ಯೂನ್ ಹೋಯಿತು. ಐಪಾಡ್ ಕ್ಲಾಸಿಕ್ 2014ರಲ್ಲಿ ನಿಂತಿತು, ಕೊನೆಯ ಐಪಾಡ್ 2022ರಲ್ಲಿ. ಕಂಪನಿಗಳು ಆಟ ಮುಗಿಸಿ ಮನೆಗೆ ಹೋದವು, ಗಂಟು ಬಿಚ್ಚುವ ಕೆಲಸ ನಮಗೆ ಉಳಿಯಿತು.

ನಿಮ್ಮ ಮಗನಿಗೆ ಕೈಚಳಕ ಇದ್ದರೆ ಇನ್ನೊಂದು ದಾರಿ ಇದೆ. ರಾಕ್‌ಬಾಕ್ಸ್ ಅಂತ ಒಂದು ಉಚಿತ ಸಾಫ್ಟ್‌ವೇರ್. ಅದನ್ನು ಐಪಾಡ್ ಕ್ಲಾಸಿಕ್‌ಗೆ ಹಾಕಿದರೆ ಹಾಜರಿ ಪುಸ್ತಕದ ಕಾಟವೇ ಇಲ್ಲ. ಪೆನ್‌ಡ್ರೈವ್ ತರ ಫೋಲ್ಡರ್ ಎಳೆದು ಹಾಕುವುದು, ಹಾಡುವುದು. ಐಟ್ಯೂನ್ಸ್ ಮುಟ್ಟದ ಫ್ಲಾಕ್ ಅನ್ನುವ ಮಾದರಿಯ ಹಾಡಿನ ಫೈಲ್‌ಗಳನ್ನೂ ಹಾಡುತ್ತದೆ. ಆದರೆ ಡಿಸ್ಕ್ ಫ್ಯಾಟ್32 ಇರಲೇಬೇಕು. ಮೆನು ಸ್ವಲ್ಪ ಒರಟು. ನಿಮ್ಮ ಕೈಗೆ ಇಷ್ಟವಾಗಲಿಕ್ಕಿಲ್ಲ, ಮಗನಿಗೆ ಖಂಡಿತ ಆಗುತ್ತದೆ.

ಇನ್ನು ಅಪ್ಪಾಜಿಯ ಪ್ಲೇಯರ್. ನನಗೆ ಐಪಾಡ್‌ಗಿಂತ ಇದರ ಮೇಲೇ ಜಾಸ್ತಿ ಪ್ರೀತಿ. ಇನ್ನೂರು ಮುನ್ನೂರು ರೂಪಾಯಿಯ ಸಾಮಾನು ಇರಬಹುದು, ಆದರೆ ಯಾವ ಕಂಪ್ಯೂಟರ್‌ಗೆ ಹಚ್ಚಿದರೂ ಪೆನ್‌ಡ್ರೈವ್ ಆಗಿ ಬಂದು ಕೂರುತ್ತದೆ. ಯಾವ ಕಂಪನಿಯ ಸಾಫ್ಟ್‌ವೇರೂ ಬೇಡ. ಅದರ ತಲೆ ಮಾತ್ರ ಬಹಳ ಸಣ್ಣದು.

ಕೊರವಂಜಿ ಮೊದಲು ಬಂದದ್ದು ಯಾಕೆ ಅಂದರೆ, ಇಂಥ ಬಹಳಷ್ಟು ಪ್ಲೇಯರ್‌ಗಳು ಹೆಸರಿನ ಕ್ರಮ ನೋಡುವುದೇ ಇಲ್ಲ. ಡಿಸ್ಕ್‌ಗೆ ಯಾವ ಫೈಲ್ ಮೊದಲು ಹೋಯಿತೋ ಅದನ್ನೇ ಮೊದಲು ಹಾಡುತ್ತವೆ. ಸಂತೆಯ ಬಸ್ಸಿನ ಹಾಗೆ, ಮೊದಲು ಹತ್ತಿದವರಿಗೆ ಮೊದಲ ಸೀಟು. ಮಗ ಉಬುಂಟುನಿಂದ ಫೋಲ್ಡರ್ ಎಳೆದು ಹಾಕಿದ್ದಾನೆ. ಅಲ್ಲಿ ಫೈಲ್‌ಗಳು ಹೆಸರಿನ ಕ್ರಮದಲ್ಲೇ ಹೋಗುತ್ತವೆ ಅನ್ನುವ ಭರವಸೆ ಇಲ್ಲ. ಕಂಪ್ಯೂಟರ್ ಪರದೆಯ ಮೇಲೆ ಸಾಲಾಗಿ ಕಾಣುತ್ತದೆ, ಪ್ಲೇಯರ್‌ನಲ್ಲಿ ಅಡ್ಡಾದಿಡ್ಡಿ. ಮಗ ‘ನಾನು ಸರಿಯಾಗೇ ಹಾಕಿದ್ದೇನೆ’ ಅಂತ ವಾದ ಮಾಡಿರಬೇಕು. ಅವನ ಪರದೆ ನೋಡಿದರೆ ಅವನದು ಸರಿ, ಪ್ಲೇಯರ್ ಕೇಳಿದರೆ ಅಪ್ಪಾಜಿಯದು ಸರಿ.

ಸರಿಮಾಡುವುದು ಸುಲಭ. ಭಾಗಗಳಿಗೆ 01, 02, 03 ಅಂತ ಅಂಕಿಯಿಂದ ಶುರುವಾಗುವ ಹೆಸರು ಕೊಡಿ. ಮುಂದಿನ ಸೊನ್ನೆ ಮರೆಯಬೇಡಿ. ಬರೀ 1, 2 ಅಂತ ಕೊಟ್ಟರೆ ಕೆಲವು ಪ್ಲೇಯರ್‌ಗಳು 1 ಆದ ಮೇಲೆ 10ಕ್ಕೆ ಹಾರುತ್ತವೆ. ಪ್ಲೇಯರ್‌ನಲ್ಲಿರುವ ಹಳೆಯದನ್ನೆಲ್ಲ ಅಳಿಸಿ. ಆಮೇಲೆ ನಿಮ್ಮ ವಿಂಡೋಸ್ ಲ್ಯಾಪ್‌ಟಾಪ್‌ನಿಂದ ಇಡೀ ಫೋಲ್ಡರ್ ಅನ್ನು ಕಾಪಿ ಮಾಡಿ ಪೇಸ್ಟ್ ಮಾಡಿ. ಬಿಡಿಬಿಡಿಯಾಗಿ ಆರಿಸಿ ಎಳೆಯುವುದಾದರೆ ಮೌಸ್ ಅನ್ನು ಮೊದಲನೇ ಫೈಲ್ ಮೇಲೆ ಇಟ್ಟೇ ಎಳೆಯಿರಿ. ವಿಂಡೋಸ್‌ನಲ್ಲಿ ನೀವು ಹಿಡಿದು ಎಳೆದ ಫೈಲೇ ಮೊದಲು ಹೋಗುತ್ತದೆ. ಐದನೆಯದನ್ನು ಹಿಡಿದು ಎಳೆದರೆ ಐದನೆಯದೇ ಮೊದಲು. ಈ ಸಣ್ಣ ವಿಷಯಕ್ಕೆ ನಾನು ಒಂದು ಇಡೀ ಸಂಜೆ ಕಳೆದಿದ್ದೇನೆ. ಮಗನೇ ಉಬುಂಟುನಲ್ಲಿ ಮಾಡುತ್ತೇನೆ ಅಂದರೆ ಫ್ಯಾಟ್‌ಸಾರ್ಟ್ ಅನ್ನುವ ಸಣ್ಣ ಪ್ರೋಗ್ರಾಂ ಹಾಕಿಕೊಳ್ಳಲಿ. ಒಳಗೆ ಹೋದ ಫೈಲ್‌ಗಳ ಸಾಲನ್ನೇ ಅದು ಹೆಸರಿನ ಕ್ರಮಕ್ಕೆ ತಿದ್ದಿ ಕೂರಿಸುತ್ತದೆ.

ದೀಪಾವಳಿಗೆ ಅಣ್ಣ ಬಂದಾಗ ಅವನ ಮ್ಯಾಕ್‌ನಿಂದಲೂ ನಾಲ್ಕು ಹಾಡು ಹಾಕಿಸಿಕೊಳ್ಳುತ್ತೀರಿ, ಅದೂ ಗೊತ್ತು. ಆಗ ಹೊಸ ಸಮಸ್ಯೆ ಬರುತ್ತದೆ. ಪ್ರತಿ ಹಾಡೂ ಎರಡು ಸಲ ಕಾಣುತ್ತದೆ. ಒಂದು ಹಾಡುತ್ತದೆ, ಇನ್ನೊಂದು ‘ಎರರ್’ ಅಂದು ಮುಂದೆ ಹೋಗುತ್ತದೆ. ಮ್ಯಾಕ್ ಫ್ಯಾಟ್32 ಡಿಸ್ಕ್‌ಗೆ ಬರೆಯುವಾಗ ತನ್ನ ನೆನಪಿಗೆ ಅಂತ ಒಂದು ಚುಕ್ಕಿ, ಒಂದು ಅಂಡರ್‌ಸ್ಕೋರ್‌ನಿಂದ ಶುರುವಾಗುವ ಜೋಡಿ ಫೈಲ್ ಬಿಟ್ಟು ಹೋಗುತ್ತದೆ. ಸಾಮಾನ್ಯವಾಗಿ 4 ಕೆಬಿ ಇರುತ್ತದೆ, ಹೆಸರಿನ ಕೊನೆಗೆ ಎಂಪಿ3 ಅಂತಲೇ ಇರುತ್ತದೆ. ಪಾಪ, ಪ್ಲೇಯರ್ ಅದನ್ನೂ ಹಾಡು ಅಂದುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ‘ಹಿಡನ್ ಐಟಮ್ಸ್’ ತೋರಿಸು ಅಂತ ಮಾಡಿ, ಆ 4 ಕೆಬಿಯವನ್ನೆಲ್ಲ ಒಟ್ಟಿಗೆ ಅಳಿಸಿದರೆ ಮುಗಿಯಿತು. ಹಾಡಿಗೆ ಏನೂ ಆಗುವುದಿಲ್ಲ.

ಡಬ್ಬಿಗಳ ಕಥೆ ಬೇರೆ. ಆ ಪ್ಲೇಯರ್‌ನಲ್ಲಿ ಕನ್ನಡ ಫಾಂಟ್ ಇಲ್ಲ. ಇದ್ದರೂ ಸಾಲದು. ‘ಕೃಷ್ಣ’ ಅನ್ನುವುದು ನಮ್ಮ ಕಣ್ಣಿಗೆ ಎರಡಕ್ಷರ. ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಅದು ಐದು ತುಂಡು: ಕ, ಋ ಸ್ವರದ ಚಿಹ್ನೆ, ಷ, ಅರ್ಧ ಮಾಡುವ ಚಿಹ್ನೆ, ಣ. ಇವನ್ನು ಕೂಡಿಸಿ, ಣ-ಕಾರವನ್ನು ಕೆಳಗಿಳಿಸಿ ಒತ್ತು ಮಾಡಲು ಸಾಫ್ಟ್‌ವೇರ್‌ಗೆ ಬುದ್ಧಿ ಬೇಕು. ಫೋನ್‌ಗೆ ಅದು ಇದೆ, ಈ ಪ್ಲೇಯರ್‌ಗೆ ಇಲ್ಲ. ಹಾಗಾಗಿ ಇದಕ್ಕೆ ಹಾಕುವ ಫೈಲ್‌ಗಳ ಹೆಸರು ಮತ್ತು ಟ್ಯಾಗ್ ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲಿ ಇಡಿ. ನನಗೂ ಬೇಜಾರೇ, ಆದರೆ ಪ್ಲೇಯರ್ ಜೊತೆ ಜಗಳ ಆಡಲು ಆಗುವುದಿಲ್ಲ. ಕಂಪ್ಯೂಟರ್‌ನಲ್ಲಿರುವ ಮೂಲ ಫೈಲ್‌ಗಳಿಗೆ ಮಾತ್ರ ಕನ್ನಡ ಹೆಸರೇ ಇರಲಿ. ಎಷ್ಟೋ ಕಡೆ ಡಬ್ಬಿ ಬದಲು ತಲೆಯ ಮೇಲೆ ಚುಕ್ಕಿ, ಗೀಟು ಇರುವ ವಿಚಿತ್ರ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಅದು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರು. ಯಾವ ಪ್ಲೇಯರ್‌ನಲ್ಲೂ ಅದು ಕನ್ನಡವಾಗಿ ಕಾಣುವುದಿಲ್ಲ. ಪರಿವರ್ತಕ ಸಾಫ್ಟ್‌ವೇರ್‌ನಿಂದ ಯೂನಿಕೋಡ್‌ಗೆ ಬದಲಿಸಬೇಕು, ಇಲ್ಲವೇ ಹೊಸದಾಗಿ ಬರೆಯಬೇಕು.

ಫೈಲ್ ಮಾದರಿ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎಂಪಿ3 ಇಡಿ. ಅದಕ್ಕಿಂತ ಒಳ್ಳೆಯವು ಬಂದಿವೆ, ನಿಜ. ಆದರೆ ಐಪಾಡ್, ಕಾರ್ ಸ್ಟೀರಿಯೋ, ಬಜಾರಿನ ಪ್ಲೇಯರ್, ಗುಡಿಯ ಮೈಕ್‌ಸೆಟ್, ಎಲ್ಲ ಕಡೆ ಹಾಡುವುದು ಅದೊಂದೇ. ಅದರ ಪೇಟೆಂಟ್‌ಗಳೂ 2017ಕ್ಕೆ ಮುಗಿದವು. ಐಟ್ಯೂನ್ಸ್‌ನಲ್ಲಿ ಸಿಡಿ ಇಳಿಸಿದರೆ ಅದು ಸುಮ್ನೆ ಎಎಸಿ ಅನ್ನುವ ಬೇರೆ ಮಾದರಿ ಮಾಡಿಬಿಡುತ್ತದೆ, ಸೆಟ್ಟಿಂಗ್‌ನಲ್ಲಿ ಎಂಪಿ3 ಅಂತ ಬದಲಿಸಿ. ಹಳೆಯ ವಿಂಡೋಸ್ ಮೀಡಿಯಾ ಪ್ಲೇಯರ್ ಇಳಿಸಿದ ಡಬ್ಲ್ಯೂಎಂಎ ಫೈಲ್‌ಗಳನ್ನು ಐಪಾಡ್ ಹಾಡುವುದಿಲ್ಲ. ಅವನ್ನೂ ಎಂಪಿ3 ಮಾಡಿಕೊಳ್ಳಬೇಕು.

ಪಾರಿಜಾತದ ವಿಷಯಕ್ಕೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ. ಕ್ಯಾಸೆಟ್ ಇಳಿಸಿಕೊಡುವವರು ಹೆಚ್ಚಾಗಿ ವೇವ್ ಅನ್ನುವ, ಧ್ವನಿಯನ್ನು ಕುಗ್ಗಿಸದ ದೊಡ್ಡ ಫೈಲ್ ಕೊಡುತ್ತಾರೆ. ಸಿಡಿ ಗುಣಮಟ್ಟದ ವೇವ್ ನಿಮಿಷಕ್ಕೆ ಸುಮಾರು 10 ಎಂಬಿ. 90 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲು 45 ನಿಮಿಷ, ಅಂದರೆ 475 ಎಂಬಿ ಹತ್ತಿರ. ಕೆಲವರು ಬೆಳಗಿನ ತನಕದ ಆಟವನ್ನು ಒಂದೇ ಫೈಲ್ ಮಾಡಿಸಿಕೊಂಡು ಬರುತ್ತಾರೆ. ಏಳು ಗಂಟೆಯ ಆಟ ಅಂದರೆ 4.4 ಜಿಬಿ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಪ್ಲೇಯರ್‌ನಲ್ಲಿ 16 ಜಿಬಿ ಖಾಲಿ ಇದ್ದರೂ ‘ಫೈಲ್ ದೊಡ್ಡದಾಯಿತು’ ಅಂತ ವಾಪಸ್ ಕಳಿಸುತ್ತದೆ. ನಿಮ್ಮ ಬಳಿ ಭಾಗಗಳಾಗಿಯೇ ಇದೆ, ಒಳ್ಳೆಯದು.

ಆ ವೇವ್ ಫೈಲ್‌ಗಳನ್ನು ಅಳಿಸಬೇಡಿ. ಅವು ಬೀಜ ಇದ್ದ ಹಾಗೆ. ಅವನ್ನು ಒಂದು ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟು, ಪ್ಲೇಯರ್‌ಗೆ ಅಂತ ಆಡಾಸಿಟಿ ಸಾಫ್ಟ್‌ವೇರ್‌ನಲ್ಲಿ ಬೇರೆ ಪ್ರತಿ ಮಾಡಿ. ಇದೂ ಮೂರು ಕಂಪ್ಯೂಟರ್‌ನಲ್ಲೂ ನಡೆಯುತ್ತದೆ, ಉಚಿತ. ಮಾತು, ಹಾರ್ಮೋನಿಯಂ, ತಬಲಾ ಇರುವ ಹಳೆಯ ಕ್ಯಾಸೆಟ್ಟಿಗೆ ಒಂದೇ ಧ್ವನಿಪಟ್ಟಿಯ ಮೋನೋ, ಸೆಕೆಂಡಿಗೆ 64 ಕಿಲೋಬಿಟ್ (ಕೆಬಿಪಿಎಸ್) ಸಾಕು. ಆಗ 45 ನಿಮಿಷಕ್ಕೆ 22 ಎಂಬಿ ಆಗುತ್ತದೆ. ಅಪ್ಪಾಜಿಯ ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ನನ್ನ ಕಿವಿಗೂ ಗೊತ್ತಾಗಿಲ್ಲ. ಹಾಗೇ ಒಂದೊಂದನ್ನೂ 15-20 ನಿಮಿಷದ ತುಂಡು ಮಾಡಿ. ಸಣ್ಣ ಪ್ಲೇಯರ್‌ಗಳು ಆಫ್ ಮಾಡಿದರೆ ಎಲ್ಲಿ ನಿಂತಿತ್ತು ಅನ್ನುವುದನ್ನು ಮರೆಯುತ್ತವೆ. ಹೊಲದಲ್ಲಿ ಕೆಲಸದ ನಡುವೆ ಯಾರೋ ಕರೆದರು ಅಂತ ಬಂದ್ ಮಾಡಿದರೆ, ಮತ್ತೆ ಮೊದಲಿನಿಂದ 45 ನಿಮಿಷ ಕೇಳುವ ಕರ್ಮ ಯಾಕೆ? ತುಂಡು ಮಾಡುವಾಗ ಗಡಿಯಾರ ನೋಡಬೇಡಿ, ಪದ ಮುಗಿಯುವ ಜಾಗ ನೋಡಿ. ಸತ್ಯಭಾಮೆ ಸಿಟ್ಟಿನಲ್ಲಿ ಅರ್ಧ ಮಾತಾಡಿದ ಕಡೆ ಕತ್ತರಿಸಿದರೆ ಅಪ್ಪಾಜಿ ನಿಮ್ಮ ಮೇಲೆ ಸಿಟ್ಟಾಗುತ್ತಾರೆ.

ಮೆಮೊರಿ ಕಾರ್ಡ್ ಹಾಕುವ ಜಾಗ ಇದ್ದರೆ 32 ಜಿಬಿ ಕಾರ್ಡ್ ಕೊಳ್ಳಿ, ಅದಕ್ಕಿಂತ ದೊಡ್ಡದು ಬೇಡ. 64 ಜಿಬಿಯಿಂದ ಮೇಲಿನ ಕಾರ್ಡ್‌ಗಳು ಎಕ್ಸ್‌ಫ್ಯಾಟ್ ಅನ್ನುವ ಬೇರೆ ಗೆರೆ ಹಾಕಿಸಿಕೊಂಡು ಬರುತ್ತವೆ. ಕಂಪ್ಯೂಟರ್‌ಗಳು ಅದನ್ನು ಓದುತ್ತವೆ, ಸಣ್ಣ ಪ್ಲೇಯರ್ ಓದುವುದಿಲ್ಲ. 32 ಜಿಬಿಯಲ್ಲಿ 128 ಕೆಬಿಪಿಎಸ್ ಹಾಡುಗಳು 500 ಗಂಟೆಗಿಂತ ಜಾಸ್ತಿ ಹಿಡಿಯುತ್ತವೆ. ಅಷ್ಟು ಹಾಡು ಕೇಳಿ ಮುಗಿಸುವವರನ್ನು ನಾನಂತೂ ನೋಡಿಲ್ಲ. ಬಹಳ ಅಗ್ಗಕ್ಕೆ ಸಿಕ್ಕ ಕಾರ್ಡ್ ಮೇಲೆ ಅನುಮಾನ ಇರಲಿ. ನಾನೇ ಒಮ್ಮೆ ಜಾತ್ರೆಯಲ್ಲಿ 64 ಅಂತ ಬರೆದ ಕಾರ್ಡ್ ತಂದು, ಒಳಗೆ ನಿಜಕ್ಕೂ ಇದ್ದದ್ದು 8 ಅಂತ ಆಮೇಲೆ ತಿಳಿದುಕೊಂಡೆ. ಹಾಡು ಹಾಕುವಾಗ ಎಲ್ಲ ಸರಿಯಾಗಿ ಹೋದಂತೆ ಕಾಣುತ್ತದೆ, ಎಂಟು ತುಂಬಿದ ಮೇಲಿನವು ಹಾಡುವುದಿಲ್ಲ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಅನ್ನುವ ಪ್ರೋಗ್ರಾಂ ಇಂಥ ಕಳ್ಳ ಕಾರ್ಡನ್ನು ಹಿಡಿದುಕೊಡುತ್ತವೆ.

ಈಗ ನಿಮ್ಮ ಕೊನೆಯ ಪ್ರಶ್ನೆ, ಎಲ್ಲದಕ್ಕೂ ಹೊಂದುವ ಪ್ಲೇಯರ್ ಯಾವುದು ಅಂತ. ಕಂಪನಿಯ ಹೆಸರು ಕೇಳಬೇಡಿ, ಕಂಪ್ಯೂಟರ್‌ಗೆ ಹಚ್ಚಿದರೆ ಅದು ಯಾವ ವೇಷದಲ್ಲಿ ಬರುತ್ತದೆ ಅಂತ ಕೇಳಿ. ಪೆನ್‌ಡ್ರೈವ್ ತರ ಡ್ರೈವ್ ಅಕ್ಷರ ಹಿಡಿದು ಬಂದರೆ ಕಣ್ಣು ಮುಚ್ಚಿ ತಗೊಳ್ಳಿ. ಈಗಿನ ದುಬಾರಿ ಪ್ಲೇಯರ್‌ಗಳಲ್ಲಿ ಹಲವು, ಸೋನಿ ವಾಕ್‌ಮನ್ ಎ306 ಸೇರಿ, ಒಳಗೆ ಆಂಡ್ರಾಯ್ಡ್ ಇಟ್ಟುಕೊಂಡಿವೆ. ಅವು ಎಂಟಿಪಿ ಅನ್ನುವ ಬೇರೆ ಬಾಗಿಲಿನಿಂದ ಬರುತ್ತವೆ. ವಿಂಡೋಸ್‌ಗೆ, ಉಬುಂಟುಗೆ ಆ ಬಾಗಿಲು ಗೊತ್ತು. ಮ್ಯಾಕ್‌ಗೆ ಗೊತ್ತಿಲ್ಲ. ಅಣ್ಣ ಹಚ್ಚಿದರೆ ಫೈಂಡರ್‌ನಲ್ಲಿ ಏನೂ ಕಾಣುವುದಿಲ್ಲ, ಓಪನ್‌ಎಂಟಿಪಿ ತರದ ಬೇರೆ ಆ್ಯಪ್ ಹಾಕಿಕೊಳ್ಳಬೇಕು. ಹಳೆಯ ಸ್ಯಾನ್‌ಡಿಸ್ಕ್ ಸಾನ್ಸಾ ಕ್ಲಿಪ್ ಎಲ್ಲಾದರೂ ಸಿಕ್ಕರೆ ಅದರಲ್ಲಿ ಎರಡೂ ಬಾಗಿಲು ಇವೆ. ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಮೋಡ್ ಅನ್ನು ಎಂಎಸ್‌ಸಿಗೆ ಬದಲಿಸಿದರೆ ಪೆನ್‌ಡ್ರೈವ್ ಆಗುತ್ತದೆ. ಆದರೆ ಒಂದು ಬಾಗಿಲಿನಿಂದ ಹಾಕಿದ ಹಾಡು ಇನ್ನೊಂದು ಬಾಗಿಲಿನಿಂದ ನೋಡಿದರೆ ಕಾಣುವುದಿಲ್ಲ. ಹಾಡು ಮಾಯವಾಯಿತು ಅಂತ ಇದನ್ನು ನನ್ನ ಅಂಗಡಿಗೆ ತಂದವರಿದ್ದಾರೆ.

ಬಾಗಿಲಿನ ಗೊಡವೆಯೇ ಬೇಡ ಅಂದರೆ ಕಾರ್ಡ್ ಇರುವ ಪ್ಲೇಯರ್ ತಗೊಳ್ಳಿ. ಕಾರ್ಡ್ ತೆಗೆದು ಕಾರ್ಡ್ ರೀಡರ್‌ಗೆ ಹಾಕಿ, ರೀಡರ್ ಅನ್ನು ಯಾವ ಕಂಪ್ಯೂಟರ್‌ಗಾದರೂ ಹಚ್ಚಿ. ಆಮೇಲೆ ಪ್ಲೇಯರ್ ಯಾವುದು, ಕಂಪ್ಯೂಟರ್ ಯಾವುದು ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಹಾಡುಗಳ ಪೂರ್ತಿ ಸಂಗ್ರಹ ಮಾತ್ರ ಕಂಪ್ಯೂಟರ್‌ನ ಸಾದಾ ಫೋಲ್ಡರ್‌ನಲ್ಲೇ ಇರಲಿ. ಜೋಳ ಹಗೇವಿನಲ್ಲಿ, ಹೊಲಕ್ಕೆ ಒಯ್ಯುವುದು ಬುತ್ತಿ ಮಾತ್ರ ಅಲ್ವಾ. ಬುತ್ತಿ ಗಂಟು ಕಳೆದರೆ ಮನೆ ಉಪವಾಸ ಬೀಳುವುದಿಲ್ಲ.

ಇನ್ನೊಂದು ಮಾತು ಬಿಟ್ಟಿದ್ದೆ. ಪ್ಲೇಯರ್ ಚಾರ್ಜ್ ಆಗುತ್ತದೆ, ಆದರೆ ಯಾವ ಕಂಪ್ಯೂಟರ್‌ನಲ್ಲೂ ಕಾಣುವುದಿಲ್ಲ ಅನ್ನುವ ದಿನ ಬಂದರೆ ಮೊದಲು ಕೇಬಲ್ ಬದಲಿಸಿ. ಯುಎಸ್‌ಬಿ ಕೇಬಲ್‌ನಲ್ಲಿ ಕರೆಂಟಿಗೆ ಎರಡು ತಂತಿ, ಹಾಡು ಹೋಗಲು ಎರಡು ತಂತಿ ಬೇಕು. ಟಾರ್ಚ್, ಸಣ್ಣ ಫ್ಯಾನ್ ಜೊತೆ ಬರುವ ಕೇಬಲ್‌ಗಳಲ್ಲಿ ಎಷ್ಟೋ ಸಲ ಮೊದಲ ಎರಡೇ ಇರುತ್ತವೆ. ಹೋದ ವಾರ ವಿಜಯಪುರದಿಂದ ಒಬ್ಬರು ಪ್ಲೇಯರ್ ಕೆಟ್ಟಿದೆ ಅಂತ ಬಸ್ಸಿನಲ್ಲಿ ಇಲ್ಲಿ ತನಕ ಬಂದಿದ್ದರು. ಕೇಬಲ್ ಬದಲಿಸಿ ಕೊಟ್ಟೆ, ಚಹಾ ಕುಡಿದು ವಾಪಸ್ ಹೋದರು.